ಒಂದೇ ಈಡಿನ ಹೊಣೆ



ನಾನು ಈ ಹೊತ್ತು ತಮ್ಮ ಮುಂದಿಡಬೇಕೆಂದಿರುವ ವಸ್ತು ಆಕಾರದಲ್ಲಿ ಅತ್ಯಲ್ಪವಾದದ್ದು. ಅಂಗೈಯಲ್ಲಿಟ್ಟುಕೊಂಡರೆ ತೂಕವೇ ತಿಳಿಯದ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿರದ ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು ಅದು. ಬಾಯಿಯಿಂದ ಮದ್ದು ತುಂಬುವ ಬೇಟೆಯ ಕೋವಿಯಲ್ಲಿ ಗುಂಡನ್ನು ತನ್ನೊಳಗಿರಿಸಿಕೊಂಡು, ಮದ್ದು ಹೊತ್ತಿದ ಮೇಲೆ ಸೆಕೆಂಡಿನ ಕೆಲವೇ ಸಾವಿರದಂಶಗಳ ಕಾಲ ನಳಿಗೆಯುದ್ದಕ್ಕೂ ಅದರೊಡನೆ ಸಾಗಿ, ಹೊರಗಿನ ಗಾಳಿ ತಾಗಿದೊಡನೆ ಗುಂಡನ್ನು ಮುಂದಕ್ಕೆ ಬಿಟ್ಟುಕೊಟ್ಟು ತಾನು ನೆಲಕ್ಕೆ ಬೀಳುವುದಷ್ಟೇ ಅದರ ಕೆಲಸ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಟೆಗಾರರು ಇದನ್ನು ಸ್ಯಾಬೋ ಎನ್ನುತ್ತಾರೆ. ಕೋವಿಯನ್ನು ಕೊಳ್ಳುವಾಗ ಹತ್ತು ಅಂಗಡಿಗಳನ್ನು ಸುತ್ತುವವನೂ, ದೂರದರ್ಶಕವನ್ನು ಆರಿಸುವಾಗ ನೂರು ಮಂದಿಯನ್ನು ವಿಚಾರಿಸುವವನೂ, ಈ ಬಟ್ಟಲಿನ ವಿಷಯಕ್ಕೆ ಬಂದಾಗ ಪೊಟ್ಟಣದ ಮೇಲಿನ ಅಂಕಿಯೊಂದನ್ನು ನೋಡಿ ಕೊಂಡುಬಿಡುವುದು ಸಾಮಾನ್ಯ. ಆದರೆ ಗುಂಡು ಗುರಿಗೆ ನೆಟ್ಟಗೆ ಹೋಗುವುದೋ ಓರೆಯಾಗಿ ಹೋಗುವುದೋ, ಅದರ ಪರಿಣಾಮವಾಗಿ ಒಂದು ಮೂಕಪ್ರಾಣಿ ಕ್ಷಣಾರ್ಧದಲ್ಲಿ ಸಾಯುವುದೋ ಗಾಯಗೊಂಡು ದಿನಗಟ್ಟಲೆ ನರಳುವುದೋ ಎಂಬುದು ಬಹಳಮಟ್ಟಿಗೆ ಈ ಬಟ್ಟಲು ನಳಿಗೆಗೆ ಹೊಂದಿದೆಯೋ ಇಲ್ಲವೋ ಎಂಬುದನ್ನೇ ಅವಲಂಬಿಸಿದೆ. ಆದ್ದರಿಂದ ಸ್ಯಾಬೋವಿನ ಆಯ್ಕೆ ಕೇವಲ ಯಂತ್ರಕೌಶಲದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ ಎಂಬುದೇ ನನ್ನ ಮಾತಿನ ತಾತ್ಪರ್ಯ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ವನ್ಯಪ್ರಾಣಿಗಳ ಬೇಟೆ ನಿಷಿದ್ಧವಾಗಿದೆ. ನಮ್ಮ ಕಾಡುಗಳ ಸ್ಥಿತಿಯನ್ನು ನೋಡಿದವರು ಅದನ್ನು ಯುಕ್ತವೆಂದೇ ಹೇಳುವರು. ಆದರೆ ಬಾಯಿಯಿಂದ ಮದ್ದು ತುಂಬುವ ಕೋವಿ ನಮಗೆ ಅಪರಿಚಿತವಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿ ಇಂದಿಗೂ ಇದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವ ಸಂಪ್ರದಾಯ ಅಳಿದಿಲ್ಲ. ಸಮುದ್ರದಾಚೆ ನೆಲಸಿರುವ ನಮ್ಮ ಕನ್ನಡಿಗರಾದರೋ, ಶರತ್ಕಾಲ ಬಂತೆಂದರೆ ನೆರೆಮನೆಯವರು ಕಿತ್ತಳೆಬಣ್ಣದ ಅಂಗಿಯನ್ನು ತೊಟ್ಟು ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಡುವುದನ್ನು ಪ್ರತಿವರ್ಷವೂ ಕಾಣುತ್ತಾರೆ. ಕೆಲವರು ಅವರ ಜತೆಗೂಡುವುದೂ ಉಂಟು. ಅಲ್ಲಿ ಬೇಟೆ ಕಾನೂನಿನ ಕಟ್ಟಿಗೊಳಪಟ್ಟದ್ದು. ಪ್ರತಿಯೊಂದು ಸಂಸ್ಥಾನವೂ ತನ್ನ ಜಿಂಕೆಗಳ ಸಂಖ್ಯೆಯನ್ನು ಗಮನಿಸಿ, ಇಂಥ ತಿಂಗಳು, ಇಂಥ ಆಯುಧ, ಇಷ್ಟು ಪ್ರಾಣಿ ಎಂದು ನಿಗದಿಮಾಡುತ್ತದೆ. ತೋಟಾ ಕೋವಿಯವರಿಗೊಂದು ಋತು, ಬಿಲ್ಲಿನವರಿಗೊಂದು ಋತು, ಬಾಯಿಯಿಂದ ಮದ್ದು ತುಂಬುವ ಕೋವಿಯವರಿಗೆ ಬೇರೆಯೇ ಒಂದು ಋತು.

ಈ ಕೊನೆಯ ಋತುವಿನ ವೈಶಿಷ್ಟ್ಯವೆಂದರೆ ಬೇಟೆಗಾರನ ಕೈಯಲ್ಲಿರುವುದು ಒಂದೇ ಈಡು. ಅದು ತಪ್ಪಿದರೆ ಮತ್ತೆ ಮದ್ದು ಸುರಿದು, ಗುಂಡಿಟ್ಟು, ಗಜದಿಂದ ಇಳಿಸಿ, ಕೇಪು ಸೇರಿಸುವಷ್ಟರಲ್ಲಿ ಜಿಂಕೆ ಕಾಡಿನ ಯಾವ ಮೂಲೆಯಲ್ಲಿರುವುದೋ ಬಲ್ಲವರಿಲ್ಲ. ಎರಡನೆಯ ಅವಕಾಶವಿಲ್ಲದಿರುವ ಕಾರಣದಿಂದಲೇ ಮೊದಲನೆಯ ಅವಕಾಶದ ಭಾರ ಇಮ್ಮಡಿಯಾಗುತ್ತದೆ.

ಗುಂಡಿಗೂ ನಳಿಗೆಗೂ ಇರಬೇಕಾದ ಹೊಂದಿಕೆಯ ಸಮಸ್ಯೆ ಇಂದಿನದಲ್ಲ. ನಳಿಗೆಯ ಬಾಯಿಂದ ಗುಂಡು ಸುಲಭವಾಗಿ ಇಳಿಯಬೇಕಾದರೆ ಅದು ನಳಿಗೆಗಿಂತ ತುಸು ಸಣ್ಣದಾಗಿರಬೇಕು. ಸಿಡಿಮದ್ದಿನ ಅನಿಲ ಪಕ್ಕದಿಂದ ಸೋರದೆ ಗುಂಡನ್ನು ತಳ್ಳಬೇಕಾದರೂ, ನಳಿಗೆಯೊಳಗೆ ಕೊರೆದ ಸುರುಳಿಯ ತೋಡುಗಳು ಅದನ್ನು ಹಿಡಿದು ತಿರುಗಿಸಬೇಕಾದರೂ, ಅದು ನಳಿಗೆಯನ್ನು ತುಂಬಿಕೊಂಡಿರಬೇಕು. ಪರಸ್ಪರ ವಿರುದ್ಧವಾದ ಈ ಎರಡು ಅಪೇಕ್ಷೆಗಳನ್ನು ಏಕಕಾಲದಲ್ಲಿ ಪೂರೈಸಲು ಮನುಷ್ಯನು ಪಟ್ಟ ಪಾಡೇ ಬಾಯಿಮದ್ದಿನ ಕೋವಿಯ ಚರಿತ್ರೆ. ನಮ್ಮ ಕೇಪಿನ ಕೋವಿಯವರು ಮದ್ದಿನ ಮೇಲೆ ತೆಂಗಿನ ಕತ್ತವನ್ನು ಜಡಿದು ಅನಿಲದ ಸೋರಿಕೆಯನ್ನು ತಡೆದರು. ಅಮೆರಿಕಾದ ಹಳೆಯ ಗಡಿನಾಡಿನವರು ದುಂಡುಗುಂಡನ್ನು ಎಣ್ಣೆ ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಇಳಿಸಿದರು. ಇಂದಿಗೂ ಅರ್ಧ ಅಂಗುಲದ ನಳಿಗೆಗೆ 0.490 ಅಂಗುಲದ ಸೀಸದ ಗುಂಡನ್ನೂ ಅದರ ಸುತ್ತ ಅಂಗುಲದ ಸಾವಿರದಲ್ಲಿ ಹತ್ತರಿಂದ ಹದಿನೈದು ಭಾಗ ದಪ್ಪದ ಬಟ್ಟೆಯನ್ನೂ ಬಳಸುವವರು ಅನೇಕರಿದ್ದಾರೆ. ಫ್ರಾನ್ಸಿನ ಮಿನಿಯೇ ಎಂಬ ಸೇನಾಧಿಕಾರಿ ಹತ್ತೊಂಬತ್ತನೆಯ ಶತಮಾನದ ನಡುವಣ ವರ್ಷಗಳಲ್ಲಿ, ತಳದಲ್ಲಿ ಪೊಳ್ಳಿರುವ, ಮದ್ದಿನ ಒತ್ತಡಕ್ಕೆ ಅಗಲಗೊಂಡು ನಳಿಗೆಯನ್ನು ತುಂಬುವ ಗುಂಡನ್ನು ಬಳಕೆಗೆ ತಂದನು.

ಅದೇ ತತ್ತ್ವವನ್ನನುಸರಿಸಿದ 1853ರ ಮಾದರಿಯ ಎನ್‌ಫೀಲ್ಡ್ ಕೋವಿ ನಮ್ಮ ನಾಡಿಗೂ ಬಂತು. 0.577 ಅಂಗುಲದ ಅದರ ನಳಿಗೆಗೆ ಮೊದಲು ಮಾಡಿದ ಗುಂಡು 0.568 ಅಂಗುಲದ್ದು, ಅದರ ಸುತ್ತಲಿನ ಕಾಗದಕ್ಕೆ ಜಿಡ್ಡನ್ನು ಸವರದಿದ್ದರೆ ಅದು ಸುಗಮವಾಗಿ ಇಳಿಯುತ್ತಿರಲಿಲ್ಲ. ಆ ಜಿಡ್ಡು ಯಾವ ಪ್ರಾಣಿಯದೆಂಬ ಶಂಕೆ 1857ರಲ್ಲಿ ಉತ್ತರ ಹಿಂದೂಸ್ಥಾನದ ಸಿಪಾಯಿಗಳ ಮನಸ್ಸಿನಲ್ಲಿ ಎಂಥ ಜ್ವಾಲೆಯನ್ನೆಬ್ಬಿಸಿತೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಆ ಮಹಾಕ್ಷೋಭೆಗೆ ಕಾರಣಗಳು ಅನೇಕ. ಆದರೆ ಕಿಡಿ ಬಿದ್ದದ್ದು ಗುಂಡನ್ನೂ ನಳಿಗೆಯನ್ನೂ ಹೊಂದಿಸಲು ಹೂಡಿದ ಉಪಾಯದ ಮೇಲೆ. ಇಲ್ಲಿನ ಸೆಕೆಯಲ್ಲಿ ಗುಂಡಿಳಿಸುವುದು ಕಷ್ಟವಾಯಿತೆಂಬ ಅನುಭವದ ಮೇಲೆ ಬ್ರಿಟಿಷರು ಮುಂದೆ ಗುಂಡಿನ ಅಳತೆಯನ್ನು 0.550 ಅಂಗುಲಕ್ಕೆ ಇಳಿಸಿದರು. ಅಂಗುಲದ ಸಾವಿರದ ಹದಿನೆಂಟು ಭಾಗವನ್ನು ಅಲ್ಪವೆಂದು ತಳ್ಳಿಹಾಕುವವರು ಇದನ್ನು ಜ್ಞಾಪಕದಲ್ಲಿಡಬೇಕು.

ಸ್ಯಾಬೋವಿನಂಥ ಹೊರಕವಚವೊಂದು ಸಣ್ಣ ಗುಂಡನ್ನು ದೊಡ್ಡ ನಳಿಗೆಯಲ್ಲಿ ಹೊತ್ತೊಯ್ದು ಬಾಯಿಯಾಚೆ ಕಳಚಿಕೊಳ್ಳುವ ಯುಕ್ತಿಯನ್ನು ಬ್ರಿಟಿಷ್ ಸೈನ್ಯ 1944ರಲ್ಲಿ ಟ್ಯಾಂಕುಗಳನ್ನು ಭೇದಿಸುವ ಆರು ಪೌಂಡಿನ ತೋಪುಗಳಲ್ಲಿ ಬಳಸಿತು. ಬೇಟೆಯ ಕೋವಿಗೆ ಅದು ಬಂದದ್ದು 1980ರ ದಶಕದಲ್ಲಿ. ಮಿಸೂರಿಯ ಟೋನಿ ನೈಟ್ ಎಂಬ ಕೋವಿ ತಯಾರಕನು 1985ರಲ್ಲಿ ಮದ್ದಿನ ನೇರ ಹಿಂದೆಯೇ ಕೇಪು ಇರುವಂಥ ಹೊಸ ಮಾದರಿಯ ಕೋವಿಯನ್ನು ಹೊರತಂದನು. ಅದೇ ದಶಕದಲ್ಲಿ ಅರ್ಕನ್ಸಾಸಿನ ಡೆಲ್ ರ‍್ಯಾಮ್ಸೆ ಬೇಟೆಗಾರರಿಗಾಗಿ ಪ್ಲಾಸ್ಟಿಕ್ಕಿನ ಸ್ಯಾಬೋಗಳನ್ನು ತಯಾರಿಸತೊಡಗಿದನು. ಪಿಸ್ತೂಲಿಗೆಂದು ಮಾಡಿದ, ತೆಳ್ಳನೆಯ ತಾಮ್ರದ ಹೊದಿಕೆಯ ಗುಂಡುಗಳನ್ನು ಅರ್ಧ ಅಂಗುಲದ ನಳಿಗೆಯಿಂದ ಹಾರಿಸುವುದು ಇದರಿಂದ ಸಾಧ್ಯವಾಯಿತು. ಕ್ಯಾಲಿಫೋರ್ನಿಯಾದಂತೆ ಬೇಟೆಯಲ್ಲಿ ಸೀಸವನ್ನು ನಿಷೇಧಿಸಿರುವ ಪ್ರಾಂತದಲ್ಲಿ ಅಪ್ಪಟ ತಾಮ್ರದ ಗುಂಡಿಗೂ ಸಾಮಾನ್ಯವಾಗಿ ಇದೇ ಆಧಾರ. ಏಕೆಂದರೆ ಮೆತ್ತನೆಯ ಸೀಸದಂತೆ ತಾಮ್ರ ಮದ್ದಿನ ಒತ್ತಡಕ್ಕೆ ಸುಲಭವಾಗಿ ಹಿಗ್ಗಿ ತೋಡುಗಳನ್ನು ಕಚ್ಚಿಕೊಳ್ಳಲಾರದು.

ಈಗ ಲೆಕ್ಕಕ್ಕೆ ಬರೋಣ. ನಳಿಗೆಯೊಳಗೆ ಎದ್ದುನಿಂತ ಏಣುಗಳ ನಡುವಣ ಅಡ್ಡಳತೆ 0.500 ಅಂಗುಲ, ಗುಂಡಿನದು 0.452 ಅಂಗುಲ. ಎರಡಕ್ಕೂ ಇರುವ ಅಂತರ ಅಂಗುಲದ ಸಾವಿರದ ನಲವತ್ತೆಂಟು ಭಾಗ, ಎಂದರೆ ಒಂದೊಂದು ಮಗ್ಗುಲಿಗೆ ಇಪ್ಪತ್ತನಾಲ್ಕು ಭಾಗ. ಸ್ಯಾಬೋವಿನ ಸೀಳಿದ ಗೋಡೆಯ ದಳಗಳು ಈ ಇಪ್ಪತ್ತನಾಲ್ಕು ಭಾಗವನ್ನು ತುಂಬಿದ್ದಲ್ಲದೆ, ಏಣು ತಮ್ಮನ್ನು ಕೊರೆದು ಹಿಡಿಯುವುದಕ್ಕೆ ಬೇಕಾದಷ್ಟು ಸ್ವಲ್ಪ ಹೆಚ್ಚಿನ ಮೈಯನ್ನೂ ಹೊಂದಿರಬೇಕು. ಸಮಸ್ಯೆಯೇನೆಂದರೆ, ಅರ್ಧ ಅಂಗುಲದ್ದೆಂದು ಹೆಸರು ಹೊತ್ತ ನಳಿಗೆಗಳೆಲ್ಲ ಅರ್ಧ ಅಂಗುಲದವಲ್ಲ. ತಯಾರಕರಿಂದ ತಯಾರಕರಿಗೆ, ಒಬ್ಬನೇ ತಯಾರಕನ ಒಂದು ನಳಿಗೆಯಿಂದ ಇನ್ನೊಂದಕ್ಕೆ, ಸಾವಿರದ ಒಂದೆರಡು ಭಾಗದ ವ್ಯತ್ಯಾಸ ಬರುವುದು ಸಹಜ. ಗುಂಡುಗಳಲ್ಲಿಯೂ ಅಷ್ಟೆ: 0.451 ಒಂದು, 0.452 ಇನ್ನೊಂದು. ಇಷ್ಟರಿಂದಲೇ ಒಬ್ಬನ ಕೋವಿಗೆ ಅಮೃತವಾದ ಸ್ಯಾಬೋ ಅವನ ಸೋದರನ ಅದೇ ಹೆಸರಿನ ಕೋವಿಗೆ ವಿಷವಾಗಬಹುದು. ಆದಕಾರಣ ಪೊಟ್ಟಣದ ಬರಹವನ್ನಾಗಲಿ, ಸ್ಯಾಬೋವಿನ ಬಣ್ಣವನ್ನಾಗಲಿ, ಗೆಳೆಯನ ಶಿಫಾರಸನ್ನಾಗಲಿ ಪ್ರಮಾಣವೆಂದು ತಿಳಿಯದೆ, ತನ್ನ ನಳಿಗೆಯನ್ನೇ ಕೇಳಿ ತಿಳಿಯುವುದು ವಿವೇಕ.

ಕೇಳುವ ವಿಧಾನವೂ ಕಠಿನವಲ್ಲ. ಹೊಸ ಮಾದರಿಯ ಕೋವಿಗಳಲ್ಲಿ ನಳಿಗೆಯ ಹಿಂದಿನ ಬಿರಡೆಯನ್ನು ತಿರುಪಿ ತೆಗೆಯಬಹುದು. ಕೋವಿ ಬರಿದಾಗಿದೆಯೆಂದೂ ಕೇಪು ಇಲ್ಲವೆಂದೂ ಖಚಿತಪಡಿಸಿಕೊಂಡು, ಬಿರಡೆಯನ್ನು ತೆಗೆದು, ನಳಿಗೆಯನ್ನು ಚೆನ್ನಾಗಿ ಒರೆಸಿ, ಮದ್ದಿಲ್ಲದೆ ಸ್ಯಾಬೋವನ್ನೂ ಗುಂಡನ್ನೂ ಬಾಯಿಂದಿಳಿಸಿ, ಗಜದಿಂದ ನಿಧಾನವಾಗಿ ತಳ್ಳುತ್ತ ಹಿಂದಿನಿಂದ ಹೊರಗೆ ತೆಗೆಯಬೇಕು. ಮೊದಲ ಎರಡಂಗುಲವನ್ನು ಗಿಡ್ಡ ಗಜದಿಂದ, ಅಂಗೈಯ ದೃಢವಾದ ಒಂದು ಒತ್ತಿನಿಂದ ದಾಟಿಸುವಂತಿರಬೇಕು; ಅಲ್ಲಿಂದ ಮುಂದೆ ಉದ್ದ ಗಜ ಒಂದೇ ಸಮನಾದ ಒತ್ತಡಕ್ಕೆ, ಎಲ್ಲಿಯೂ ಜಗ್ಗದೆ ಎಲ್ಲಿಯೂ ಜಾರದೆ, ಇಳಿಯುತ್ತ ಹೋಗಬೇಕು. ಹೊರಬಂದ ಸ್ಯಾಬೋವನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಮೈಮೇಲೆ ನಳಿಗೆಯ ಪ್ರತಿಯೊಂದು ಏಣೂ ತನ್ನ ಗೆರೆಯನ್ನು ಸಮಾನವಾದ ಆಳದಲ್ಲಿ ಬರೆದಿರುವುದು ಕಾಣಬೇಕು. ಗೆರೆಗಳೇ ಮೂಡಿಲ್ಲವಾದರೆ ಸ್ಯಾಬೋ ಸಡಿಲ. ಗೆರೆಗಳ ಅಂಚಿನಲ್ಲಿ ಪ್ಲಾಸ್ಟಿಕ್ಕು ಸಿಪ್ಪೆಯೆದ್ದು ಸುಲಿದಿದ್ದರೆ ಅದು ಬಿಗಿ. ಒಂದು ಪಕ್ಕದಲ್ಲಿ ಆಳವಾಗಿಯೂ ಇನ್ನೊಂದು ಪಕ್ಕದಲ್ಲಿ ತೇಲಿಯೂ ಇದ್ದರೆ ಗುಂಡು ಬಟ್ಟಲಿನಲ್ಲಿ ನೆಟ್ಟಗೆ ಕೂತಿರಲಿಲ್ಲವೆಂದು ತಿಳಿಯಬೇಕು.

ಬಿಗಿಯಾದರೆ ಬರುವ ಕೇಡು ಕಣ್ಣಿಗೆ ಕಾಣುವಂಥದ್ದು. ಇಳಿಯಲೊಲ್ಲದ ಗುಂಡನ್ನು ಗಜದಿಂದ ಕುಟ್ಟಿ ಕುಟ್ಟಿ ಇಳಿಸುವವನು ಗುಂಡಿನ ಮೂತಿಯನ್ನು ಜಜ್ಜುತ್ತಾನೆ, ದಳಗಳನ್ನು ಸೀಳುತ್ತಾನೆ. ಒಮ್ಮೊಮ್ಮೆ ಗಜ ಮುರಿದು ಅವನ ಕೈಯನ್ನೇ ಇರಿಯುತ್ತದೆ. ಗಜವನ್ನು ನಳಿಗೆಯ ಬಾಯಿಗೆ ಗೇಣುದೂರದಲ್ಲಷ್ಟೇ ಹಿಡಿದು ಸ್ವಲ್ಪಸ್ವಲ್ಪವಾಗಿ ತಳ್ಳಬೇಕೆಂದು ಅನುಭವಿಗಳು ಹೇಳುವುದು ಈ ಭಯದಿಂದಲೇ. ಸಡಿಲವಾದರೆ ಬರುವ ಕೇಡು ಕಾಣಿಸದು, ಆದುದರಿಂದಲೇ ಹೆಚ್ಚು ಅಪಾಯಕರ. ಕೋವಿಯನ್ನು ಬಾಯಿ ಕೆಳಗಾಗಿ ಹಿಡಿದು ನಡೆಯುವಾಗ ಗುಂಡು ಮದ್ದಿನಿಂದ ಬೇರ್ಪಟ್ಟು ಮುಂದಕ್ಕೆ ಜಾರಬಹುದು. ಮದ್ದಿಗೂ ಗುಂಡಿಗೂ ನಡುವೆ ಬಯಲು ಉಳಿದಿರುವಾಗ ಕೇಪು ಸಿಡಿದರೆ ನಳಿಗೆ ಉಬ್ಬುವುದೂ ಒಡೆಯುವುದೂ ಸಂಭವನೀಯ. ಇದಲ್ಲದೆ ಸಡಿಲವಾದ ಸ್ಯಾಬೋ ಗುಂಡಿಗೆ ತಿರುಗುವಿಕೆಯನ್ನು ಪೂರ್ಣವಾಗಿ ಮುಟ್ಟಿಸದು. ಇಂಥ ಕೋವಿಗಳಲ್ಲಿ ತೋಡು ಸಾಮಾನ್ಯವಾಗಿ ಇಪ್ಪತ್ತೆಂಟು ಅಂಗುಲಕ್ಕೆ ಒಂದು ಸುತ್ತು ಸುತ್ತಿಕೊಂಡಿರುತ್ತದೆ. ಸೆಕೆಂಡಿಗೆ 1,700 ಅಡಿ ವೇಗದಲ್ಲಿ ಹೊರಡುವ ಗುಂಡು ಆ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 43,700 ಸುತ್ತು ತಿರುಗಬೇಕು. ತೋಡು ತಿರುಗಿಸುವುದು ಸ್ಯಾಬೋವನ್ನು, ಸ್ಯಾಬೋ ತಿರುಗಿಸಬೇಕಾದದ್ದು ಗುಂಡನ್ನು. ನೊಗದ ಮಿಣಿ ಸಡಿಲಬಿದ್ದರೆ ಎತ್ತುಗಳ ಬಲ ನೇಗಿಲಿಗೆ ಮುಟ್ಟದಿರುವಂತೆ, ಇವೆರಡರ ನಡುವಣ ಹಿಡಿತ ತಪ್ಪಿದಲ್ಲಿ ನಳಿಗೆಯ ಶ್ರಮವೆಲ್ಲ ವ್ಯರ್ಥ. ದುಂಡುಗುಂಡಿಗಾಗಿ ಅರವತ್ತಾರು ಅಂಗುಲಕ್ಕೊಂದು ಸುತ್ತಿನಂತೆ ನಿಧಾನವಾಗಿ ತೋಡು ಕೊರೆದ ಹಳೆಯ ಮಾದರಿಯ ನಳಿಗೆಯಲ್ಲಿ ನೀಳವಾದ ಗುಂಡಿನ ಸ್ಯಾಬೋ ಎಷ್ಟೇ ಹೊಂದಿದರೂ ಫಲ ದೊರೆಯದು. ಅಂಥವನು ಬಟ್ಟೆಸುತ್ತಿದ ದುಂಡುಗುಂಡಿನಿಂದಲೇ ತೃಪ್ತನಾಗುವುದು ಮೇಲು.

ಗುಂಡಿನ ತಳವನ್ನೂ ಗಮನಿಸಬೇಕು. ಚಪ್ಪಟೆಯಾದ ತಳದ ಗುಂಡು ಚಪ್ಪಟೆಯಾದ ಬಟ್ಟಲಿನಲ್ಲಿ ಭದ್ರವಾಗಿ ಕೂರುತ್ತದೆ. ಹಿಂದಕ್ಕೆ ಸಪುರವಾಗುತ್ತ ಹೋಗುವ ತಳದ ಗುಂಡಿಗೆ ಅದಕ್ಕೆಂದೇ ಮಾಡಿದ ಬಟ್ಟಲು ಬೇಕು. ಮೈಮೇಲೆ ಸಣ್ಣ ಏಣುಗಳನ್ನೆಬ್ಬಿಸಿದ ಸ್ಯಾಬೋಗಳೂ ಈಗ ದೊರೆಯುತ್ತವೆ. ಅವು ನಳಿಗೆಯನ್ನು ತಾಗುವ ಭಾಗ ಕಡಮೆಯಾದುದರಿಂದ ಸುಲಭವಾಗಿ ಇಳಿಯುತ್ತವೆ, ಬಿಗಿಯಾದ ನಳಿಗೆಯವರಿಗೆ ಅನುಕೂಲ.

ನಳಿಗೆಯಲ್ಲಿ ಹೊಂದಿಕೊಂಡ ಸ್ಯಾಬೋ ಬೆಂಕಿಯಲ್ಲಿಯೂ ಹೊಂದಿಕೊಳ್ಳುವುದೇ ಎಂಬುದಕ್ಕೆ ಪ್ರಯೋಗವೊಂದೇ ದಾರಿ. ಗುರಿಯಭ್ಯಾಸದ ಬಯಲಿನಲ್ಲಿ ನಾನು ಕಂಡ ಹಿರಿಯ ಬೇಟೆಗಾರರೊಬ್ಬರು, ಎಲ್ಲರೂ ಕೋವಿಗಳನ್ನು ಕೆಳಗಿಟ್ಟು ಬಯಲು ನಿರ್ಭಯವೆಂದು ಸಾರಿದ ಮೇಲೆ, ಗುರಿಯ ಕಾಗದದ ಕಡೆಗೆ ತಲೆಯೆತ್ತಿ ನೋಡದೆ, ಮೊದಲು ನೆಲವನ್ನೇ ಹುಡುಕುತ್ತ ಹೊರಡುತ್ತಿದ್ದರು. ಹುಲ್ಲಿನ ನಡುವೆ ಬಿದ್ದ ತಮ್ಮ ಸ್ಯಾಬೋಗಳನ್ನು ಒಂದೊಂದಾಗಿ ಹೆಕ್ಕಿ, ಅಂಗೈಮೇಲೆ ಸಾಲಾಗಿಟ್ಟುಕೊಂಡು, ವೈದ್ಯನು ನಾಡಿಯನ್ನು ನೋಡುವ ಗಾಂಭೀರ್ಯದಿಂದ ಪರೀಕ್ಷಿಸುವರು. ನಾಲ್ಕು ದಳಗಳೂ ಸಮನಾಗಿ ಹಿಂದಕ್ಕೆ ಬಾಗಿ, ಒಂದೂ ಹರಿಯದೆ, ತಳ ಗುಂಡಗೆ ಇಡಿಯಾಗಿ, ಏಣಿನ ಗೆರೆಗಳು ಸ್ಪಷ್ಟವಾಗಿದ್ದರೆ ಅವರ ಮುಖದಲ್ಲಿ ಸಮಾಧಾನ. ಒಂದು ದಳ ಮುರಿದುಹೋಗಿದ್ದರೆ ಗುಂಡು ಬಾಯಿ ದಾಟುವಾಗ ಓರೆಯಾಗಿ ನೂಕಲ್ಪಟ್ಟಿತೆಂದು ಅರ್ಥ. ತಳದ ಅಂಚು ಕರಗಿ ಕಪ್ಪಾಗಿದ್ದರೆ ಅನಿಲ ಪಕ್ಕದಿಂದ ಸೋರಿತೆಂದೂ, ತಳವೇ ತೂತಾಗಿದ್ದರೆ ಮದ್ದಿನ ಪ್ರಮಾಣ ಆ ಪ್ಲಾಸ್ಟಿಕ್ಕಿಗೆ ಮೀರಿತೆಂದೂ ಅರ್ಥ. ಆಗ ಮದ್ದನ್ನು ಕಡಮೆಮಾಡಬೇಕು, ಇಲ್ಲವೆ ಸ್ಯಾಬೋವಿನ ಕೆಳಗೆ ಉಣ್ಣೆಯ ಬಿಲ್ಲೆಯೊಂದನ್ನಿಟ್ಟು ನೋಡಬೇಕು. ಗುರಿಯ ಕಾಗದ ಗುಂಡು ಎಲ್ಲಿಗೆ ಹೋಯಿತೆಂಬುದನ್ನು ಹೇಳುತ್ತದೆ, ಏಕೆ ಹೋಯಿತೆಂಬುದನ್ನು ಹೇಳುವುದು ನೆಲದ ಮೇಲೆ ಬಿದ್ದ ಈ ಬಟ್ಟಲು.

ಈ ಪ್ರಯೋಗದಲ್ಲಿ ಆತುರ ಸಲ್ಲದು. ಒಂದರ ಮೇಲೊಂದು ಈಡು ಹಾರಿಸಿದರೆ ನಳಿಗೆ ಕಾಯುತ್ತದೆ. ಕಾದ ನಳಿಗೆಯಲ್ಲಿ ಪ್ಲಾಸ್ಟಿಕ್ಕು ಮೆತ್ತಗಾಗಿ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಮದ್ದಿನ ಮಸಿ ನಳಿಗೆಯೊಳಗೆ ಹೆಪ್ಪುಗಟ್ಟಿದರೆ ಮೊದಲು ಸರಿಯಾಗಿ ಇಳಿದ ಸ್ಯಾಬೋ ಎರಡನೆಯ ಸಲ ಬಿಗಿಯಾಗುತ್ತದೆ. ಆದ್ದರಿಂದ ಪ್ರತಿ ಈಡಿನ ನಂತರ ಒಮ್ಮೆ ತೇವದ ಬಟ್ಟೆಯಿಂದ, ಒಮ್ಮೆ ಒಣಬಟ್ಟೆಯಿಂದ ನಳಿಗೆಯನ್ನೊರೆಸಿ, ಮುಟ್ಟಿದರೆ ತಣ್ಣಗೆನಿಸುವವರೆಗೆ ಕಾಯಬೇಕು. ಕಾಡಿನಲ್ಲಿ ಜಿಂಕೆಯೆದುರು ಹಾರುವುದು ತಣ್ಣನೆಯ, ಶುಚಿಯಾದ ನಳಿಗೆಯ ಮೊದಲನೆಯ ಈಡೇ. ಹೀಗಿರುವಾಗ ಬಯಲಿನಲ್ಲಿ ಪರೀಕ್ಷಿಸಬೇಕಾದದ್ದೂ ಅದನ್ನೇ ಅಲ್ಲವೇ?

ಪ್ರಾಣಾಪಾಯಕ್ಕೆ ಸಂಬಂಧಪಟ್ಟ ಎರಡು ಮಾತುಗಳನ್ನು ಹೇಳದೆ ಮುಂದುವರಿಯಲಾರೆ. ಮೊದಲನೆಯದು: ಇಂಥ ಕೋವಿಗೆ ಕಪ್ಪುಮದ್ದನ್ನಾಗಲಿ ಅದರ ಸ್ಥಾನದಲ್ಲಿ ಬಳಸಲೆಂದೇ ಮಾಡಿದ ಪೈರೋಡೆಕ್ಸ್ ಮೊದಲಾದವನ್ನಾಗಲಿ ತಯಾರಕನು ಹೇಳಿದ ಪ್ರಮಾಣದಲ್ಲಿಯೇ ತುಂಬತಕ್ಕದ್ದು, ತೋಟಾ ಕೋವಿಯ ಹೊಗೆರಹಿತ ಮದ್ದನ್ನು, ಅದಕ್ಕೆಂದೇ ನಿರ್ಮಿಸಿದ ಕೋವಿಯಾದ ಹೊರತು, ತುಂಬಲೇಕೂಡದು, ಅದರ ಒತ್ತಡಕ್ಕೆ ನಳಿಗೆ ಛಿದ್ರವಾದೀತು. ಎರಡನೆಯದು: ಗುಂಡು ಮದ್ದಿಗೆ ಒತ್ತಿ ಕೂತಾಗ ಗಜ ನಳಿಗೆಯ ಬಾಯಿಗೆ ಎಲ್ಲಿ ನಿಲ್ಲುವುದೋ ಅಲ್ಲಿ ಗಜದ ಮೇಲೆ ಗೆರೆಯೊಂದನ್ನು ಕೆತ್ತಿಟ್ಟುಕೊಂಡು, ಪ್ರತಿಸಲವೂ ಆ ಗೆರೆಯನ್ನು ನೋಡಿದ ಮೇಲೆಯೇ ಕೇಪು ಇಡತಕ್ಕದ್ದು. ಬೇಟೆಯ ದಿನ ನಡುನಡುವೆ ಗಜವನ್ನಿಳಿಸಿ ಗೆರೆಯನ್ನು ಮತ್ತೆ ನೋಡಬಯಸುವವನು ಮೊದಲು ಕೇಪನ್ನು ತೆಗೆದಿಟ್ಟು, ನಳಿಗೆಯ ಬಾಯಿಂದ ಮುಖವನ್ನು ದೂರವಿಟ್ಟು ಆ ಕೆಲಸ ಮಾಡಬೇಕು.

ಕಾನೂನಿನ ಮಾತೂ ಒಂದುಂಟು. ಕೊಲರಾಡೋ ಮತ್ತು ಆರೆಗನ್ ಸಂಸ್ಥಾನಗಳು ಬಾಯಿಮದ್ದಿನ ಕೋವಿಯ ಋತುವಿನಲ್ಲಿ ಸ್ಯಾಬೋವನ್ನು ಬಳಸಗೊಡುವುದಿಲ್ಲ. ಹಳೆಯ ಆಯುಧಕ್ಕೆಂದು ಮೀಸಲಾದ ಋತುವಿನಲ್ಲಿ ಹಳೆಯ ಆಯುಧದ ಮಿತಿಗಳೂ ಇರಲೆಂಬ ವಾದದಲ್ಲಿ ಸತ್ತ್ವವಿದೆ. ಹೆಚ್ಚು ನಿಖರವಾದ ಗುಂಡಿನಿಂದ ಪ್ರಾಣಿಗೆ ಹಿಂಸೆ ಕಡಮೆಯೆಂಬ ಪ್ರತಿವಾದದಲ್ಲಿಯೂ ಸತ್ತ್ವವಿದೆ. ಬೇಟೆಗಾರನಾದವನು ಈ ವಾದವನ್ನು ಸಭೆಯಲ್ಲಿ ನಡೆಸಲಿ; ಕಾಡಿನಲ್ಲಿ ಮಾತ್ರ ಆ ಸಂಸ್ಥಾನದ ಆ ವರ್ಷದ ನಿಯಮವನ್ನು ಓದಿಕೊಂಡು ಅದರಂತೆ ನಡೆಯಲಿ.

ಶ್ರೋತೃಗಳೇ, ಪ್ರಾಣವನ್ನು ತೆಗೆಯುವ ಕೆಲಸವನ್ನು ಮನುಷ್ಯನು ಕೈಗೊಳ್ಳಬಹುದೇ ಎಂಬ ದೊಡ್ಡ ಪ್ರಶ್ನೆಯನ್ನು ನಾನಿಲ್ಲಿ ಎತ್ತಿಲ್ಲ. ಅದಕ್ಕೆ ನಮ್ಮ ನಾಡು ಒಂದು ಉತ್ತರವನ್ನು ಕೊಟ್ಟಿದೆ, ಬೇರೆ ನಾಡುಗಳು ತಮ್ಮ ಪರಿಸ್ಥಿತಿಗನುಗುಣವಾಗಿ ಬೇರೆ ಉತ್ತರವನ್ನು ಕೊಟ್ಟುಕೊಂಡಿವೆ. ಆದರೆ ಕೈಗೊಂಡವನು ಅದನ್ನು ಅರೆಮನಸ್ಸಿನಿಂದ ಮಾಡಕೂಡದೆಂಬಲ್ಲಿ ಎರಡು ಅಭಿಪ್ರಾಯಗಳಿರಲಾರವು. ಧೈರ್ಯ, ತಾಳ್ಮೆ, ಗುರಿಗಾರಿಕೆ ಇವುಗಳನ್ನು ನಾವು ಬೇಟೆಗಾರನ ಗುಣಗಳೆಂದು ಹೊಗಳುತ್ತೇವೆ. ಇವೆಲ್ಲವೂ ಇದ್ದು, ಅಂಗುಲದ ಸಾವಿರದ ಒಂದೆರಡು ಭಾಗದ ಕಡೆಗೆ ಶ್ರದ್ಧೆಯಿಲ್ಲದಿದ್ದರೆ ಆ ಗುಣಗಳ ಫಲವನ್ನು ಅನುಭವಿಸುವುದು ಗಾಯಗೊಂಡ ಪ್ರಾಣಿ. ಋತು ಬರುವುದಕ್ಕೆ ತಿಂಗಳುಗಳ ಮೊದಲೇ, ಬೇಸಗೆಯ ಬಿಡುವಿನಲ್ಲಿ, ಎರಡು ಮೂರು ಬಗೆಯ ಸ್ಯಾಬೋಗಳನ್ನು ಸ್ವಲ್ಪಸ್ವಲ್ಪವಾಗಿ ತಂದು, ಅಳೆದು, ಇಳಿಸಿ, ಹಾರಿಸಿ, ಹೆಕ್ಕಿ ನೋಡಿ, ತನ್ನ ನಳಿಗೆಗೆ ಒಪ್ಪುವುದನ್ನು ಕಂಡುಕೊಳ್ಳಬೇಕು. ಒಪ್ಪುವುದು ದೊರಕುವವರೆಗೂ ಹುಡುಕಬೇಕು. ಹುಡುಕಿಯೂ ದೊರಕದಿದ್ದರೆ, ಅಥವಾ ಹುಡುಕಲು ಬಿಡುವೇ ಆಗದಿದ್ದರೆ, ಆ ವರ್ಷ ಪರವಾನಗಿ ಕಿಸೆಯಲ್ಲಿದ್ದರೂ ಕೋವಿಯನ್ನು ಮನೆಯಲ್ಲಿಯೇ ಬಿಡುವುದು ಬೇಟೆಗಾರನ ಧರ್ಮವೆಂದು ನಾನು ದೃಢವಾಗಿ ನಂಬಿದ್ದೇನೆ.